ಕೆಮ್ಮಣ್ಣನ ಕೊನೆಯ ರೀಲು

ಟೈಲರಮ್ಮ ಕರಿ ಪ್ಯಾಂಟಿನ ಸೊಂಟಪಟ್ಟಿಯನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆ ಬಿಚ್ಚುತ್ತಿದ್ದಳು. ಗಂಡನ ದೇಹ ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿತ್ತು. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಅಷ್ಟರೊಳಗೆ ಆತನಿಗೆ ಬಟ್ಟೆ ತೊಡಿಸಬೇಕು. ತೊಡಿಸಲು ಹೋದರೆ ಆ ಪ್ಯಾಂಟಿನೊಳಗೆ ಇನ್ನೂ ಅರ್ಧ ಮನುಷ್ಯನಿಗೆ ಜಾಗವಿತ್ತು.

"ಅಮ್ಮಾ, ಹಿಂದೆ ಎರಡು ಪಿನ್ ಹಾಕಿದ್ರೆ ಸಾಕು. ಹೊದಿಕೆ ಮುಚ್ಚಿರುತ್ತೆ, ಯಾರು ನೋಡ್ತಾರೆ?" ಎಂದಳು ಮಗಳು.

"ಬೀದಿಯವರಿಗೆಲ್ಲ ಅಳತೆ ಹಿಡಿದು ಹೊಲಿದುಕೊಟ್ಟವಳು ನಾನು. ನನ್ನ ಗಂಡನ್ನ ಪಿನ್ ಹಾಕಿ ಕಳಿಸ್ಲಾ? ಕತ್ತರಿ ಕೊಡು ಇಲ್ಲಿ."

ಕತ್ತರಿ ಕೈಗೆ ಬಂತು. ಆದರೆ ಸೊಂಟಪಟ್ಟಿಯ ಹಿಂಭಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಯಾರೋ ಆಗಲೇ ಎರಡು ಬೆರಳಗಲ ಬಟ್ಟೆ ಮಡಚಿ ಚಿಕ್ಕದು ಮಾಡಿದ್ದರು. ಕರಿ ಬಟ್ಟೆಗೆ ನೀಲಿ ದಾರ. ಹೊಲಿಗೆಯೋ, ಕೋಳಿ ಕೆದರಿದ ಹಾಗೆ. ಟೈಲರಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ಅವಮಾನ. ಟೈಲರಮ್ಮನ ಗಂಡ ಹೊರಗೆ ಯಾವನೋ ಅಡ್ಡಕಸುಬಿಯ ಕೈಲಿ ಪ್ಯಾಂಟು ಚಿಕ್ಕದು ಮಾಡಿಸಿಕೊಂಡು ಬಂದಿದ್ದಾನೆ! ಕೆಲಸದ ಗಡಿಬಿಡಿಯಲ್ಲಿ ತಾನು ಅಷ್ಟು ದೂರದವಳಾಗಿದ್ದೆನೇ ಎಂದುಕೊಂಡು, ಆ ನೀಲಿ ಹೊಲಿಗೆಯನ್ನು ಕಿತ್ತು ಮೆಶಿನ್ನಿನ ಪಕ್ಕಕ್ಕೆ ಎಸೆದು, ಕರಿ ದಾರ ಪೋಣಿಸಿ ಕೂತಳು.

ಅಷ್ಟರಲ್ಲಿ ಬೆಳಗಿನ ಬಸ್ಸಿಗೆ ಹೊರಟಿದ್ದ ನಾದಿನಿ ಬಂದಳು. ಅಣ್ಣನ ತಲೆಯ ಹತ್ತಿರ ಕೂತು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಮೆಶಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಹೀಗೆ ಶುರುವಾಗುವ ಮಾತು ಬೇಜಾರು ಮಾಡದೆ ಮುಗಿದದ್ದನ್ನು ಯಾರೂ ಕಂಡಿಲ್ಲ. ಟೈಲರಮ್ಮ ತಲೆ ಎತ್ತಲಿಲ್ಲ.

"ಎಂಟು ತಿಂಗಳಿಂದ ಕೆಮ್ಮಿದಾರೆ, ಆಗಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಂತ ಡಾಕ್ಟರು ಹೇಳಿದ್ರಂತೆ. ಒಂದೇ ಸೂರಿನ ಕೆಳಗಿದ್ರಿ. ಸೂಜಿ ಮುರಿಯೋಕೆ ಮುಂಚೆ ಮೆಶಿನ್ನಿನ ಸದ್ದಲ್ಲೇ ಗೊತ್ತಾಗುತ್ತೆ ಅಂತೀರಿ. ಅಣ್ಣ ಕೆಮ್ಮಿದ್ದು ಮಾತ್ರ ಒಂದು ದಿನಾನೂ ಕಿವಿಗೆ ಬೀಳಲಿಲ್ವಾ?"

"ಬಿದ್ದಿತ್ತು."

"ಮತ್ತೆ?"

"ಫೋಟೋ ತೆಗೀತಿದಾರೆ ಅಂದ್ಕೊಂಡೆ."

ಹೊರಗಿನವರು ಕೇಳಿದ್ದರೆ ದುಃಖದಲ್ಲಿ ಈಕೆಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನಾದಿನಿ ಹೊರಗಿನವಳಲ್ಲ. ಆದರೂ ಬಿಡಲಿಲ್ಲ. "ಚೆನ್ನಾಗಾಯ್ತು. ತೋಳ ಬಂತು ತೋಳ ಅನ್ನೋ ಕತೆ ಆಯ್ತು ನಮ್ಮಣ್ಣಂದು."

"ಪ್ರತಿ ಸಲಾನೂ ಟಕ್ ಅಂತಿತ್ತು ಕಣೇ. ಕೆಮ್ಮು ಬಂದಾಗೆಲ್ಲ ಟಕ್ ಅಂತಿತ್ತು. ಬೇಕಿದ್ರೆ ರೀಲು ತೊಳೆಸಿ ನೋಡು. ಅದರಲ್ಲಿರುತ್ತೆ."

ಬಾಗಿಲ ಹಿಂದಿನ ಮೊಳೆಗೆ ಕಂದು ಬಣ್ಣದ ಚೀಲ ನೇತುಬಿದ್ದಿತ್ತು. ಅದರೊಳಗೆ ಕ್ಯಾಮೆರಾ. ಆತ ಆಸ್ಪತ್ರೆ ಸೇರಿದ ದಿನದಿಂದ, ಅಂದರೆ ಇಪ್ಪತ್ತು ದಿನಗಳಿಂದ, ಅದನ್ನು ಯಾರೂ ಮುಟ್ಟಿರಲಿಲ್ಲ. ಮಾತಿನ ಭರದಲ್ಲಿ ಹೇಳಿದ್ದೇ ಟೈಲರಮ್ಮನಿಗೆ ಈಗ ಆಸರೆಯಾಯಿತು. ರೀಲಿನಲ್ಲಿ ಚಿತ್ರಗಳಿದ್ದರೆ ತಾನು ಕೇಳಿದ್ದರಲ್ಲಿ ಅರ್ಧಕ್ಕರ್ಧವಾದರೂ ಫೋಟೋದ ಕೆಮ್ಮು; ತಾನು ಕಿವುಡಿಯಲ್ಲ, ಕಲ್ಲಲ್ಲ. ಇಲ್ಲದಿದ್ದರೆ ಏನು ಎಂಬುದನ್ನು ಅವಳು ಯೋಚಿಸಲಿಲ್ಲ. ಹಲ್ಲಿನಲ್ಲಿ ದಾರ ಕಡಿದು ಎದ್ದಳು.

*

ಆತ ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವ ಕೆಲಸದಲ್ಲಿದ್ದ. ಬೆಳಗಿಂದ ಸಂಜೆಯವರೆಗೆ ಊರವರ ಕಣ್ಣಿಗೆ ಗಾಜು ತೇಯುವುದು, ಸಂಜೆ ತನ್ನ ಕಣ್ಣಿಗೆ ಊರವರನ್ನು ನೋಡುವುದು. ಮದುವೆಯಾದ ಮರುವರ್ಷ ಬೀದಿ ತುದಿಯ ಸ್ಟುಡಿಯೋದವರಿಂದ ಹಳೆಯ ಕ್ಯಾಮೆರಾ ಒಂದನ್ನು ಕೊಂಡುಕೊಂಡ. ಮಗು ಹುಟ್ಟಿದರೆ ಫೋಟೋ ತೆಗೆಯಲಿಕ್ಕೆ ಎಂದು ಹೆಂಡತಿ ತಿಳಿದಿದ್ದಳು. ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಂಡು ಸ್ಟುಡಿಯೋಗೇ ಹೋಗಬೇಕಾಯಿತು.

"ಗೊತ್ತಿರೋರ ಫೋಟೋಗೆ ಸ್ಟುಡಿಯೋ ಇದೆ. ನಂಗೆ ಗೊತ್ತಿಲ್ಲದೋರು ಬೇಕು," ಎನ್ನುತ್ತಿದ್ದ. "ಫೋಟೋ ಅಂದ ತಕ್ಷಣ ಜನ ತಮ್ಮ ಮುಖ ಒಳಗಿಟ್ಟು ಬೇರೆ ಯಾರದೋ ಮುಖ ಹಾಕ್ಕೊಂಡು ಬರ್ತಾರೆ."

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅವಳು ಸುಮ್ಮನಾಗಿದ್ದಳು. ಒಂದು ಸಂಜೆ ಆತ ಹಣೆಯ ಮೇಲೆ ನಿಂಬೆಗಾತ್ರದ ಬುಗುಟು ಹೊತ್ತುಕೊಂಡು ಬಂದ. ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ಕೊಡೆಯ ಹಿಡಿಕೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳಂತೆ. ಈತ ಒತ್ತಿದ. ಆ ಕ್ಯಾಮೆರಾದ ಸದ್ದು ಸಣ್ಣದಲ್ಲ, ಅಗುಳಿ ಹಾಕಿದ ಹಾಗೆ ಟಕ್ ಎನ್ನುತ್ತಿತ್ತು. ಬೆನ್ನು ಕೆರೆದ ಕೊಡೆಯೇ ಹಣೆಗೆ ಬಂತು.

ಹೆಂಡತಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಆಮೇಲೆ ದಪ್ಪ ಕಂದು ಬಟ್ಟೆ ಕತ್ತರಿಸಿ, ಸೊಂಟದ ಮಟ್ಟಕ್ಕೆ ಬರುವ ಚೀಲ ಹೊಲಿದುಕೊಟ್ಟಳು. ಮುಂಭಾಗದಲ್ಲಿ ಗುಂಡನೆಯ ತೂತು. ಅಂಚಿನ ಎಳೆ ಬಿಚ್ಚಬಾರದೆಂದು ಸುತ್ತ ಗಟ್ಟಿ ಕಾಜಾ ಹೊಲಿಗೆ, ಕೋಟಿನ ಗುಂಡಿಯ ತೂತಿಗೆ ಹಾಕುವಂಥದ್ದು. ಚೀಲದೊಳಗೆ ಕೈಯಿಟ್ಟರೆ ಆಯಿತು, ಯಾರಿಗೂ ತಿಳಿಯದು.

"ಇದೇನೋ ಸರಿ. ಸದ್ದಿಗೇನು ಮಾಡೋದು?" ಎಂದ.

"ಕೆಮ್ಮಿ."

ತಮಾಷೆಗೆ ಹೇಳಿದ್ದು. ಆತ ಹಿಡಿದ. ಮೂರು ಸಂಜೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಅವಳು ಮೆಶಿನ್ನಿನ ಮುಂದೆ ಕೂತು ತೀರ್ಪು ಕೊಡುತ್ತಿದ್ದಳು: "ಟಕ್ ಮೊದಲು ಬಂತು... ಈಗ ಕೆಮ್ಮು ಮೊದಲಾಯ್ತು... ಇದು ಕೆಮ್ಮಲ್ಲ, ಎಮ್ಮೆ ಕೂಗಿದ್ದು." ಮೂರನೆಯ ಸಂಜೆ ಎರಡೂ ಒಂದಾದವು. ಅವಳಿಗೂ ಬೇರೆಬೇರೆಯಾಗಿ ಕೇಳಿಸಲಿಲ್ಲ.

ಬೀದಿಯಲ್ಲಿ ಆತ ಕೆಮ್ಮಣ್ಣನಾದ. ಪಾಪ, ಕೆಮ್ಮಿನ ಮನುಷ್ಯ, ಎಂದು ಸಂತೆಯಲ್ಲಿ ದಾರಿ ಬಿಡುವವರೂ ಇದ್ದರು. ಟಿಕೆಟ್ಟಿನ ಸಾಲಿನಲ್ಲಿ ನಿಂತೇ ನಿದ್ದೆಹೋದವನು, ಮಗುವಿಗೆ ಕೊಂಡ ಬಲೂನನ್ನು ಟೋಪಿಯಡಿ ಮುಚ್ಚಿಡಲು ನೋಡುವ ಪೊಲೀಸಿನವನು, ಒಂದೇ ಪತ್ರಿಕೆಯನ್ನು ಎರಡು ಕಡೆಯಿಂದ ಓದುವ ಪರಿಚಯವಿಲ್ಲದ ಇಬ್ಬರು, ಇವರೆಲ್ಲ ಅವರ ಮನೆಯ ಅಟ್ಟದ ಮೇಲೆ ಶೂ ಡಬ್ಬಗಳಲ್ಲಿ ಸೇರಿಕೊಂಡರು. ಚಿತ್ರದಲ್ಲಿದ್ದವರು ಮತ್ತೆ ಎದುರಾದರೆ ಪ್ರತಿಯನ್ನು ಅವರ ಕೈಗಿಟ್ಟು, "ನಿಮ್ಮದು ಇರಬೇಕು, ದಾರೀಲಿ ಸಿಕ್ತು," ಎಂದು ಮುಂದೆ ಹೋಗಿಬಿಡುತ್ತಿದ್ದ. ಕೊಡೆಯ ಹೆಂಗಸಿಗೂ ಕೊಟ್ಟ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ತನ್ನ ಅಕ್ಕ ಎಂದಳಂತೆ.

*

ಹೂಳುವ ಜಾಗ ಊರ ಹೊರಗಿನ ದಿಬ್ಬದಲ್ಲಿತ್ತು. ಅಗೆದು ರಾಶಿ ಹಾಕಿದ್ದ ಮಣ್ಣು ಕೆಂಪಗಿತ್ತು. ಸಂತೆಯಲ್ಲಿ ಚಹಾ ಅಂಗಡಿ ಇಟ್ಟಿರುವ ಮುದುಕ ಅದನ್ನು ಒಂದು ಹಿಡಿ ಎತ್ತಿ ಕೆಳಗೆ ಬಿಟ್ಟ.

"ನೋಡಿ, ಕೆಮ್ಮಣ್ಣ ಕೊನೆಗೆ ಕೆಮ್ಮಣ್ಣಿಗೇ ಬಂದ," ಎಂದ. ಯಾರೋ ನಕ್ಕರು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು. ಆ ಕೆಮ್ಮು ಕೇಳಿದ್ದೇ ನಾಲ್ಕೈದು ಜನ ಥಟ್ಟನೆ ಹಿಂತಿರುಗಿ ನೋಡಿದರು. ಟೈಲರಮ್ಮನೂ ನೋಡಿದಳು.

ಕನ್ನಡಕದ ಅಂಗಡಿಯ ಯಜಮಾನರು ನಾಲ್ಕು ಮಾತಾಡಿದರು. ಮೂವತ್ತೈದು ವರ್ಷದಲ್ಲಿ ಒಂದು ಗಾಜೂ ವಾಪಸು ಬಂದಿರಲಿಲ್ಲವಂತೆ. ಆತ ಅಂಗಡಿಯಲ್ಲಿ ಕುಸಿದುಬಿದ್ದ ದಿನವೂ ಮೇಜಿನ ಮೇಲೆ ತೇಯ್ದು ಮುಗಿಸಿದ ಎರಡು ಗಾಜುಗಳಿದ್ದವಂತೆ. ನಾದಿನಿ ಅಳುತ್ತ ಟೈಲರಮ್ಮನ ತೋಳು ಹಿಡಿದುಕೊಂಡಿದ್ದಳು. ಹಿಡಿತದಲ್ಲಿ ಪ್ರೀತಿ ಎಷ್ಟು, ಸಿಟ್ಟು ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಮಣ್ಣು ಮುಚ್ಚಿದ ಮೇಲೆ ಅವಳು ಸ್ಟುಡಿಯೋದವರನ್ನು ಹುಡುಕಿದಳು. ಅವರು ಗುಂಪಿನಿಂದ ದೂರ, ಕೈಕಟ್ಟಿ ನಿಂತಿದ್ದರು. ಒಂದು ಕಾಲದಲ್ಲಿ ದಿನಾ ಮನೆಗೆ ಬರುತ್ತಿದ್ದವರು ಈಚೆಗೆ ಬಂದಿರಲಿಲ್ಲ.

"ಕ್ಯಾಮೆರಾ ಮನೇಲಿದೆ. ಅದರಲ್ಲಿರೋ ರೀಲು ತೊಳೆದುಕೊಡಿ."

"ಕೊಡ್ತೀನಿ ಟೈಲರಮ್ಮ. ಆತುರ ಏನಿದೆ? ಮುಂದಿನ ವಾರ..."

"ಇವತ್ತೇ ಬೇಕು."

ಅವರು ಅವಳ ಮುಖ ನೋಡಿ, ಆಯಿತೆಂದರು.

*

ಹಿಂದಿನ ವರ್ಷ ಆತನ ತಾಯಿ ತೀರಿಕೊಂಡಿದ್ದಳು. ಮೂರು ವರ್ಷ ಮಲಗಿದಲ್ಲೇ ಇದ್ದ ಜೀವ. ಉಬ್ಬಸ, ಕಫ, ಹಗಲೂ ಇರುಳೂ ಕೆಮ್ಮು. ಮಗಳೆಂಬುವಳು, ಅಂದರೆ ಈ ನಾದಿನಿ, ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ಬಂದು, ಅಮ್ಮನ ಕೂದಲು ಬಾಚಿ ಹೋಗುತ್ತಿದ್ದಳು. ಉಳಿದದ್ದೆಲ್ಲ ಸೊಸೆಯ ಪಾಲಿಗೆ. ಕಫಕ್ಕೆ ಮಡಕೆ ಹಿಡಿದದ್ದು, ಬೆನ್ನು ಸವರಿದ್ದು, ಹಾಸಿಗೆ ಬದಲಿಸಿದ್ದು, ನಡುವೆ ಹೊಲಿಗೆ. ಗೊಣಗದೆ ಮಾಡಿದಳೆಂದರೆ ಸುಳ್ಳಾದೀತು. ಗೊಣಗಿಕೊಂಡೇ, ಒಂದು ಹೊತ್ತೂ ತಪ್ಪಿಸದೆ ಮಾಡಿದಳು.

ಎಲ್ಲ ಮುಗಿದ ಮಾರನೆಯ ದಿನ ಮುದುಕಿಯ ಹೊದಿಕೆಗಳನ್ನು ಒಗೆದು ಹರವಿ, ಹೊಸಿಲ ಮೇಲೆ ಕಾಲು ಚಾಚಿ ಕೂತು, ಗಾಳಿಗೆ ಹೇಳಿದಂತೆ ಹೇಳಿದಳು:

"ಇನ್ನು ಒಂದು ವರ್ಷ ಈ ಮನೇಲಿ ಯಾರ ಕೆಮ್ಮೂ ನನ್ನ ಕಿವಿಗೆ ಬೀಳಬಾರ್ದು. ಕೇಳಿದ್ರೆ ಎದ್ದು ಎಲ್ಲಿಗಾದ್ರೂ ಹೋಗಿಬಿಡ್ತೀನಿ."

ಆತ ಚೀಲ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದ. "ನಂದೂನಾ?"

"ನಿಮ್ಮದು ಕೆಮ್ಮಾ? ಅದು ಕ್ಯಾಮೆರಾದ ಬಾಲ," ಎಂದಳು. ಇಬ್ಬರೂ ನಕ್ಕರು.

ಆಮೇಲೆ ಆತ ಮನೆಯಲ್ಲೂ ಚೀಲ ಇಳಿಸದಾದ. ಊಟಕ್ಕೆ ಕೂತಾಗ ಪಕ್ಕದಲ್ಲಿ ಚೀಲ, ಪತ್ರಿಕೆ ಓದುವಾಗ ತೊಡೆಯ ಮೇಲೆ ಚೀಲ. ಅಮ್ಮನ ಮಂಚ ಖಾಲಿ ಬಿದ್ದಿದೆ, ಬೆನ್ನಿಗೆ ಅದೇ ಸರಿ ಎಂದು ಮಲಗುವುದನ್ನೂ ಮುಂದಿನ ಕೋಣೆಗೆ ಬದಲಿಸಿದ. ಅವಳಿಗೆ ಆಗ ಕಾರ್ಖಾನೆಯೊಂದರ ನೂರಿಪ್ಪತ್ತು ನೀಲಿ ಮೇಲಂಗಿಗಳ ಕೆಲಸ ಬಂದಿತ್ತು, ಮಲಗಿದರೆ ಕೊರಡು. ಸಂಜೆ ಮೆಶಿನ್ ತುಳಿಯುವಾಗ ಬೆನ್ನ ಹಿಂದೆ ಕೆಮ್ಮು, ಟಕ್. ಅಡುಗೆ ಮಾಡುವಾಗ ಕೆಮ್ಮು, ಟಕ್.

"ನನ್ನದೇನು ತೆಗೀತೀರಿ? ನಾನು ಗೊತ್ತಿರೋಳು," ಎಂದರೆ, "ಗೊತ್ತಿದೀಯ ಅಂತ ಯಾರು ಹೇಳಿದ್ದು?" ಎನ್ನುತ್ತಿದ್ದ.

ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿಡಿಸಿತ್ತು. ಇಷ್ಟು ವರ್ಷದ ಮೇಲೆ ಗಂಡ ತನ್ನತ್ತ ಕ್ಯಾಮೆರಾ ತಿರುಗಿಸಿದ್ದಾನೆಂದು ಒಳಗೊಳಗೇ ಹಿಗ್ಗಿ, ಅಡುಗೆಮನೆಯಲ್ಲೂ ತಲೆ ಬಾಚಿಕೊಂಡು ನಿಲ್ಲುತ್ತಿದ್ದಳು. ಆತನ ಮುಖ ಸಣ್ಣಗಾದದ್ದನ್ನು ನೋಡಿದ್ದಳು. ತಾಯಿ ಹೋದ ಕೊರಗು ಎಂದುಕೊಂಡಿದ್ದಳು.

*

ಬಂದವರೆಲ್ಲ ಹೊರಟು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಸ್ಟುಡಿಯೋದವರು ಬಂದರು. ಮಗಳು ಬಾಡಿಗೆ ಕುರ್ಚಿಗಳನ್ನು ಹಿಂದಿರುಗಿಸಲು ಹೋಗಿದ್ದಳು. ನಾದಿನಿ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಟೈಲರಮ್ಮ ಚೀಲವನ್ನು ಮೊಳೆಯಿಂದ ಇಳಿಸಿ ಕೊಟ್ಟಳು.

ಅವರು ಕ್ಯಾಮೆರಾ ಹೊರತೆಗೆದು, ಅಂಗಿಯ ತುದಿಯಿಂದ ಒರೆಸಿ, ಮೇಲಿನ ಸಣ್ಣ ಕಿಂಡಿಯಲ್ಲಿ ನೋಡಿದರು.

"ಮೂವತ್ತೊಂದು ಅಂತ ತೋರಿಸ್ತಿದೆ."

ಟೈಲರಮ್ಮನ ಎದೆ ಹಗುರಾಯಿತು. ಮೂವತ್ತೊಂದು! ತಾನು ಮೆಶಿನ್ ಮುಂದೆ, ತಾನು ಒಲೆ ಮುಂದೆ, ತಲೆ ಬಾಚಿಕೊಂಡ ತಾನು. "ನೋಡಿ, ನಾನು ಹೇಳಲಿಲ್ವಾ?" ಎಂದಳು. ಅವರಿಗೆ ಅವಳು ಏನೂ ಹೇಳಿರಲಿಲ್ಲ.

ಅವರು ಬಲಗಡೆಯ, ರೀಲು ಮುಂದಕ್ಕೆ ಸುತ್ತುವ ಸನ್ನೆಯನ್ನು ಹೆಬ್ಬೆರಳಿನಿಂದ ಎಳೆದರು. ಎಡಗಡೆಯ ಗುಂಡಿಯನ್ನೇ ದಿಟ್ಟಿಸಿದರು. ಒಮ್ಮೆ ಒತ್ತಿ ಟಕ್ ಎನಿಸಿ, ಮತ್ತೆ ಎಳೆದರು. ಆಮೇಲೆ ಆ ಗುಂಡಿಯನ್ನು ಬೆರಳಲ್ಲಿ ತಿರುವಿದರು. ಅದು ಗಿರ್ರನೆ ತಿರುಗಿತು.

"ಟೈಲರಮ್ಮ, ಒಳಗೆ ರೀಲಿದ್ರೆ ನಾನು ಈ ಕಡೆ ಎಳೆದಾಗ ಆ ಕಡೆದು ಸುತ್ತಬೇಕು. ಸುತ್ತುತ್ತಿಲ್ಲ. ಇದರಲ್ಲಿ ರೀಲಿಲ್ಲ."

"ಸರಿಯಾಗಿ ನೋಡಿ. ಮೂವತ್ತೊಂದು ಅಂದ್ರಲ್ಲ ಈಗ?"

"ಅದು ಒತ್ತಿದ ಲೆಕ್ಕ. ತೆಗೆದ ಲೆಕ್ಕ ಅಲ್ಲ. ಮುಚ್ಚಳ ತೆರೆದಾಗೆಲ್ಲ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ."

ಅವರು ಹಿಂದಿನ ಮುಚ್ಚಳ ತೆರೆದು ಅವಳ ಮುಂದೆ ಹಿಡಿದರು. ಒಳಗೆ ಕಪ್ಪಗೆ, ಚೊಕ್ಕಟವಾಗಿ, ಖಾಲಿ.

"ಎಂಟು ತಿಂಗಳಿಂದ ನನ್ನ ಹತ್ರ ಒಂದು ರೀಲೂ ತಗೊಂಡಿಲ್ಲ," ಎಂದರು ಅವರು ಮುಚ್ಚಳ ಹಾಕುತ್ತ. "ಯಾವುದೋ ದೊಡ್ಡ ಅಂಗಡಿ ಹಿಡಿದಿದಾನೆ ಅಂತ ನಾನು ಮುನಿಸ್ಕೊಂಡು ಈ ಕಡೆ ಬರೋದೇ ಬಿಟ್ಟಿದ್ದೆ. ರೀಲಿಲ್ಲದೇನೇ ನಮಗೆಲ್ಲ ರೀಲು ಬಿಟ್ಟನಲ್ಲ, ನನ್ಮಗ!" ಹೇಳುತ್ತಲೇ ಅವರ ದನಿ ಒಡೆಯಿತು. ಕ್ಯಾಮೆರಾವನ್ನು ಚೀಲದೊಳಗಿಟ್ಟು, ಚೀಲವನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಟೈಲರಮ್ಮ ನಿಂತಲ್ಲೇ ನಿಂತಿದ್ದಳು. ಮೆಶಿನ್ನಿನ ಪಕ್ಕ ಬೆಳಗ್ಗೆ ಕಿತ್ತೆಸೆದ ನೀಲಿ ದಾರದ ತುಂಡುಗಳು ಇನ್ನೂ ಬಿದ್ದಿದ್ದವು. ಬಗ್ಗಿ ಒಂದನ್ನು ಎತ್ತಿ, ಮೇಲಿನ ಹಲಗೆಯಲ್ಲಿದ್ದ ನೀಲಿ ರೀಲಿನ ಪಕ್ಕ ಹಿಡಿದಳು. ಅದೇ ಬಣ್ಣ, ಅದೇ ದಪ್ಪ. ಕಾರ್ಖಾನೆಯವರ ಮೇಲಂಗಿಯ ದಾರ. ಅಡ್ಡಕಸುಬಿ ಹೊರಗಿನವನಲ್ಲ. ಅವಳು ಸಾಮಾನು ತರಲು ಹೋದ ಯಾವುದೋ ಹೊತ್ತಿನಲ್ಲಿ, ಸೂಜಿಯಲ್ಲಿ ಇದ್ದ ದಾರದಲ್ಲೇ, ಗಾಜು ತೇಯುವ ಕೈಯಿಂದ ಹೊಲಿದುಕೊಂಡಿದ್ದಾನೆ. ಪ್ಯಾಂಟು ಜಾರಿದರೆ ಹೆಂಡತಿ ಅಳತೆ ಹಿಡಿಯುತ್ತಾಳೆ, ಅಳತೆ ಸುಳ್ಳು ಹೇಳುವುದಿಲ್ಲ.

ಅವಳಿಗೆ ಸಿಟ್ಟು ಬಂತು. ಎದುರಿಗಿದ್ದಿದ್ದರೆ ಹೊಡೆದುಬಿಡುತ್ತಿದ್ದಳು. ಏನೋ ದಣಿದ ಹೆಂಗಸು ಒಂದು ಮಾತಾಡಿದರೆ ಅದನ್ನು ಕಾನೂನು ಅಂದುಕೊಳ್ಳುವುದೇ? ಒಂದು ವರ್ಷ ಅಂದಿದ್ದಳು. ಒಂಬತ್ತು ತಿಂಗಳು ಕಳೆದಿತ್ತು, ಮೂರು ಬಾಕಿ. ಅಷ್ಟು ದಿನ ಹೇಗೋ ದೂಡಿದರೆ ಆಯಿತು, ಆಮೇಲೆ ಬಾಯಿ ಬಿಟ್ಟು ಕೆಮ್ಮಬಹುದು ಎಂದು ಕಾಯುತ್ತಿದ್ದನೋ ಏನೋ. ಅವಳು ಮೆಶಿನ್ನಿನ ಮೇಲೆ ತಲೆಯಿಟ್ಟು, ಅಂದು ಮೊದಲ ಬಾರಿಗೆ ಅತ್ತಳು.

ನಾದಿನಿ ಚಹಾ ಲೋಟಗಳನ್ನು ಹಿಡಿದು ಬಂದಳು. ಒಂದನ್ನು ಹೊರಗೆ ಮೆಟ್ಟಿಲಿಗೆ ಕೊಟ್ಟುಬಂದು ಕೇಳಿದಳು:

"ಏನಂತೆ ಅತ್ತಿಗೆ? ರೀಲಲ್ಲಿ ಏನಿದೆಯಂತೆ?"

ಏನಾದರೂ ಹೇಳಿ ಪಾರಾಗಬಹುದಿತ್ತು. ಟೈಲರಮ್ಮ ಮುಖ ಒರೆಸಿಕೊಂಡಳು.

"ರೀಲೇ ಇಲ್ಲ. ಖಾಲಿ ಕ್ಯಾಮೆರಾ ಒತ್ತುತ್ತಿದ್ರು. ಕೆಮ್ಮೆಲ್ಲ ನಿಜದ್ದೇ. ಕೆಮ್ಮು ಕೇಳಿಸಬಾರ್ದು ಅಂತ ನಾನೇ ಅಂದಿದ್ದೆ, ನಿಮ್ಮಮ್ಮ ಹೋದ ಮಾರನೇ ದಿನ."

ನಾದಿನಿ ಬಾಯಿ ತೆರೆದಳು. ಟೈಲರಮ್ಮ ಬರುವುದೆಲ್ಲ ಬರಲಿ ಎಂದು ಕಾದಳು. ಆದರೆ ನಾದಿನಿ ಸ್ಟೂಲಿನ ಮೇಲೆ ಮೆಲ್ಲನೆ ಕೂತಳು.

"ಫೋನಲ್ಲೂ ಕೆಮ್ತಿದ್ದ," ಎಂದಳು. "ಭಾನುವಾರ ಭಾನುವಾರ. ಏನೋ ಅದು ಅಂದ್ರೆ, 'ಸಂತೇಲಿದೀನಿ ಕಣೇ, ಒಂದು ಒಳ್ಳೆ ಮುಖ ಸಿಕ್ತು' ಅಂತಿದ್ದ. ಟಕ್ ಅನ್ನೋದು ನಂಗೂ ಕೇಳ್ತಿತ್ತು ಅತ್ತಿಗೆ. ಬೆಳಗ್ಗೆ ನಾನದನ್ನ ಹೇಳಲಿಲ್ಲ."

ನಾದಿನಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಿಸ್ಕತ್ತೊಂದನ್ನು ಚಹಾದಲ್ಲಿ ಅದ್ದಿ, ಎತ್ತಲು ಮರೆತು, ಕಿಟಕಿಯ ಕಡೆ ನೋಡುತ್ತ ಕೂತಳು. ಮೂಗಿನ ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು.

ಟೈಲರಮ್ಮ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅದನ್ನು ಹೊಲಿದವಳೇ ಆದರೂ ಹಾಕಿಕೊಂಡಿದ್ದು ಇದೇ ಮೊದಲು. ಒಳಗೆ ಕೈಯಿಟ್ಟಳು, ಬೆರಳು ತಾನಾಗಿ ಒತ್ತುವ ಗುಂಡಿಗೆ ತಗುಲಿತು. ಕೆಮ್ಮು ಹೇಳಿಕೇಳಿ ಬರುವುದಿಲ್ಲ. ಅದು ಎದೆಯಲ್ಲಿ ಏಳುವಷ್ಟರಲ್ಲಿ ಕೈ ಇಲ್ಲಿಗೆ ತಲುಪಿರಬೇಕು, ದಿನಕ್ಕೆ ಎಷ್ಟು ಸಲವೋ. ಅವಳು ಕಾಜಾ ಹೊಲಿಗೆಯ ತೂತನ್ನು ನಾದಿನಿಯತ್ತ ತಿರುಗಿಸಿದಳು. ಬಿಸ್ಕತ್ತು ಮೆತ್ತಗಾಗಿ, ಬಾಗಿ, ಲೋಟದೊಳಗೆ ಬಿತ್ತು. ಟೈಲರಮ್ಮ ಕೆಮ್ಮಿ ಒತ್ತಿದಳು.

ಎರಡು ಸದ್ದೂ ಬೇರೆಬೇರೆಯಾಗಿ ಕೇಳಿಸಿದವು.

ನಾದಿನಿ ಬೆಚ್ಚಿ ತಿರುಗಿದಳು. ಲೋಟವನ್ನು ಅಲ್ಲೇ ಬಿಟ್ಟು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಇದೇನು ಅತ್ತಿಗೆ ಕೆಮ್ಮು? ಯಾವಾಗಿಂದ? ನಾಳೆ ಬೆಳಗ್ಗೇನೇ ಡಾಕ್ಟರ ಹತ್ರ ಹೋಗೋಣ, ನಾನು ಊರಿಗೆ ಹೋಗಲ್ಲ."

ಅವಳು ನೀರು ತರಲು ಒಳಗೆ ಓಡಿದಳು. ಟೈಲರಮ್ಮ ಚೀಲದೊಳಗಿನ ಕೈಯನ್ನು ತೆಗೆಯಲಿಲ್ಲ. ಹೆಬ್ಬೆರಳು ಸನ್ನೆಯನ್ನು ಹುಡುಕಿ, ಮುಂದಿನ ಟಕ್ಕಿಗೆ ನಿಧಾನವಾಗಿ ಎಳೆಯಿತು.